ನಾಯಿಗೂ ಸೂತಕ ಉಂಟೇ?

ತೇನಿ ಜಿಲ್ಲೆಯ ಉತ್ತಮಪಾಳ್ಯಂ ತಾಲ್ಲೂಕಿನಲ್ಲಿ, ಘಟ್ಟದ ಬುಡಕ್ಕೆ ಕೊಂಬೈ ಎಂಬ ಊರಿದೆ. ಕಂದುಗೆಂಪು ಮೈ, ಮಸಿ ಬಳಿದಂಥ ಕಪ್ಪು ಮೂತಿಯ ಕೊಂಬೈ ನಾಯಿಗೆ ಹೆಸರು ಬಂದದ್ದು ಈ ಊರಿನಿಂದಲೇ. ಈ ಊರಿರುವ ಕಂಬಂ ಕಣಿವೆಯ ಕಾಪಿಲಿಯ ಒಕ್ಕಲಿಗರ ಮನೆಗಳಲ್ಲಿ ಇವತ್ತಿಗೂ ಮನೆಮಾತು ಕನ್ನಡ. ಓದು ಬರಹ, ಬಸ್ಸು ಬಜಾರು ಎಲ್ಲ ತಮಿಳು. ಒಲೆಯ ಮುಂದೆ ಮಾತ್ರ ನಮ್ಮ ಭಾಷೆ. ಅಂಥ ಒಂದು ಮನೆಯಲ್ಲಿ, ದನಗಳ ಹಬ್ಬವಾದ ಮಾಟ್ಟುಪೊಂಗಲ್ ದಿನ, ನನ್ನೆದುರು ನಡೆದ ಮಾತುಕತೆ ಇದು. ಆ ಮನೆಯ ಕನ್ನಡದಲ್ಲಿ ಅರ್ಧ ತಮಿಳು ಬೆರೆತಿರುತ್ತದೆ, ಓದುವವರಿಗೆ ಸಲೀಸಾಗಲಿ ಎಂದು ಅದನ್ನು ಇತ್ತಕಡೆಯ ಕನ್ನಡಕ್ಕೆ ತಂದಿದ್ದೇನೆ.

ಮಾತಾಡಿದವರಲ್ಲಿ ಒಬ್ಬರು ಎಪ್ಪತ್ತು ದಾಟಿದ ದ್ರಾಕ್ಷಿ ತೋಟದ ಯಜಮಾನರು. ಇನ್ನೊಬ್ಬಳು ಅವರ ತಮ್ಮನ ಮಗಳು. ದಿಂಡಿಗಲ್ಲಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಕೆಲಸಕ್ಕೆ ಹೋಗುತ್ತಾಳೆ. ಹನ್ನೊಂದು ವರ್ಷ ಸಾಕಿದ ಅವಳ ನಾಯಿ ದೀಪಾವಳಿಗೆ ಮುಂಚೆ, ತಮಿಳರ ಪುರಟ್ಟಾಸಿ ತಿಂಗಳಲ್ಲಿ ತೀರಿಕೊಂಡಿತ್ತು.

ದೊಡ್ಡಪ್ಪ: ಆಗಿನಿಂದ ನೋಡ್ತಾ ಇದ್ದೇನೆ. ಒಳಗೆ ಮನೆ ತುಂಬ ಜನ, ನೀನು ಮಾತ್ರ ನಮ್ಮ ನಾಯಿ ಪಕ್ಕ ಕೂತಿದ್ದೀಯ. ಹಬ್ಬಕ್ಕೆ ಬಂದದ್ದು ನಮ್ಮನ್ನು ನೋಡೋಕಾ, ಅದನ್ನು ನೋಡೋಕಾ?

ಮಗಳು: ಅದು ಏನೂ ಕೇಳಲ್ಲ ದೊಡ್ಡಪ್ಪ. ಒಳಗೆ ಹೋದರೆ ಅತ್ತೆ ಮದುವೆ ಯಾವಾಗ ಅಂತಾರೆ, ಚಿಕ್ಕಮ್ಮ ಯಾಕಿಷ್ಟು ಸೊರಗಿದ್ದೀಯ ಅಂತಾರೆ. ನಾಯಿ ಹೋಯಿತು ಅಂದರೆ ‘ಅಷ್ಟೇನಾ’ ಅಂತಾರೆ. ಆ ‘ಅಷ್ಟೇನಾ’ ಕೇಳೋಕೆ ಆಗಲ್ಲ.

ದೊಡ್ಡಪ್ಪ: ಅವರು ಕೇಳೋದು ಪ್ರೀತಿಗೆ. ನಾಯಿ ಕೇಳಲ್ಲ ಅಂದರೆ ಅದಕ್ಕೆ ಬಾಯಿಲ್ಲ, ಅಷ್ಟೆ. ಬಾಯಿಲ್ಲದ್ದನ್ನೇ ಒಳ್ಳೆಯ ಗುಣ ಅಂದ್ಕೊಂಡರೆ ಮನುಷ್ಯರ ಜೊತೆ ಬಾಳೋದು ಹೇಗೆ?

ಮಗಳು: ಬಾಳ್ತಾ ಇದ್ದೇನಲ್ಲ. ವರ್ಷ ಪೂರ್ತಿ ಆಫೀಸಿನಲ್ಲಿ ಮನುಷ್ಯರ ಜೊತೆಗೇ ಇರೋದು. ಹಬ್ಬದ ಮೂರು ದಿನವಾದರೂ ನಗದೇ ಇರೋಕೆ ಒಂದು ಜಾಗ ಬೇಡವಾ?

ದೊಡ್ಡಪ್ಪ: ನಗು ಅಂತ ನಿನಗೆ ಯಾರು ಹೇಳಿದರು?

ಮಗಳು: ಯಾರೂ ಹೇಳಬೇಕಾಗಿಲ್ಲ, ಹಬ್ಬವೇ ಹೇಳುತ್ತೆ. ಹಾಲು ಉಕ್ಕಿದಾಗ ಎಲ್ಲರೂ ‘ಪೊಂಗಲೋ ಪೊಂಗಲ್’ ಅಂತ ಕೂಗಿದರು, ನನ್ನ ಗಂಟಲಿಂದ ಬರಲಿಲ್ಲ. ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ಮನುಷ್ಯರು ಸತ್ತರೆ ಆ ವರ್ಷ ಹಬ್ಬ ಬಿಡ್ತೀವಿ. ಹೊಸ ಬಟ್ಟೆ ಇಲ್ಲ, ಪೊಂಗಲ್ ಮಡಕೆ ಇಡೋದಿಲ್ಲ, ಯಾರೂ ಏನೂ ಅನ್ನಲ್ಲ. ಮಂಕಾಗಿರೋಕೆ ಊರೇ ಒಪ್ಪಿಗೆ ಕೊಟ್ಟಿರುತ್ತೆ. ನನಗೆ ಆ ಒಪ್ಪಿಗೆ ಇಲ್ಲ.

ದೊಡ್ಡಪ್ಪ: ಒಪ್ಪಿಗೆ ಸಿಕ್ಕಿದವನು ನಾನು. ನಿನ್ನ ದೊಡ್ಡಮ್ಮ ಹೋದ ವರ್ಷ ಈ ಮನೆಯಲ್ಲಿ ಹಬ್ಬ ಇರಲಿಲ್ಲ. ಬೀದಿಯಲ್ಲೆಲ್ಲ ರಂಗೋಲಿ, ಕಬ್ಬು, ಮೈಕಿನ ಹಾಡು. ನಮ್ಮ ಬಾಗಿಲಲ್ಲಿ ಬರೀ ನೆಲ. ಎದುರುಮನೆಯವರು ಪೊಂಗಲ್ ತಂದು ಕೊಟ್ಟರು, ನಾನು ಒಬ್ಬನೇ ಕೂತು ತಿಂದೆ. ಕೆಲಸವಾದರೂ ಇದ್ದಿದ್ದರೆ ಎದ್ದು ಓಡಾಡ್ತಿದ್ದೆ. ಹಬ್ಬ ಬಿಟ್ಟದ್ದರಿಂದ ನನಗೆ ದುಃಖ ಕಮ್ಮಿಯಾಗಲಿಲ್ಲ ಮಗಾ, ಜಾಸ್ತಿಯೇ ಆಯಿತು.

ಇದಕ್ಕೆ ಅವಳ ಬಳಿ ಉತ್ತರವಿರಲಿಲ್ಲ. ಶೋಕ ಪಡಲು ಊರು ಬಿಟ್ಟುಕೊಟ್ಟ ಜಾಗವೇ ಅವರಿಗೆ ಸೆರೆಮನೆಯಾಗಿತ್ತು. ಹಾಗೆಂದು ಅಂಥ ಜಾಗ ಸಿಗದವಳ ನೋವು ಸುಳ್ಳಾಗುವುದಿಲ್ಲ. ಅಷ್ಟರಲ್ಲಿ ಒಳಗಿನಿಂದ ಯಾರೋ ಎಲೆಯಲ್ಲಿ ಸಕ್ಕರೆ ಪೊಂಗಲ್ ತಂದು ನಾಯಿಯ ಮುಂದೆ ಇಡಲು ಹೋದರು. ಅವಳು ಕೈ ಅಡ್ಡ ಹಿಡಿದು ಎಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಉಬ್ಬಿದ ದ್ರಾಕ್ಷಿಗಳನ್ನು ಒಂದೊಂದಾಗಿ ಆರಿಸಿ ಎಸೆಯತೊಡಗಿದಳು.

ದೊಡ್ಡಪ್ಪ: ಅದೇನು ಮಾಡ್ತಾ ಇದ್ದೀಯ?

ಮಗಳು: ದ್ರಾಕ್ಷಿ ನಾಯಿಗೆ ವಿಷ. ಹಸಿಯದೂ ಅಷ್ಟೆ, ಒಣಗಿದ್ದೂ ಅಷ್ಟೆ. ಕಿಡ್ನಿ ಹೋಗುತ್ತೆ.

ದೊಡ್ಡಪ್ಪ: ಯಾರಿಗೆ ಹೇಳ್ತೀಯ! ಇದು ಹುಟ್ಟಿದಾಗಿನಿಂದ ಪನ್ನೀರ್ ದ್ರಾಕ್ಷಿ ಚಪ್ಪರದ ಕೆಳಗೇ ಬಿದ್ದಿರೋದು.

ಮಗಳು: ತಿಂದಿಲ್ಲ, ಅದಕ್ಕೇ ಇದೆ. ಎಲ್ಲ ನಾಯಿಗೂ ಒಂದೇ ಥರ ಆಗಲ್ಲ. ಕೆಲವಕ್ಕೆ ಸ್ವಲ್ಪ ತಿಂದರೂ ವಾಂತಿ ಶುರುವಾಗಿ ಉಚ್ಚೆ ನಿಂತುಹೋಗುತ್ತೆ. ದ್ರಾಕ್ಷಿಯೊಳಗಿನ ಟಾರ್ಟಾರಿಕ್ ಆಮ್ಲದಿಂದ ಇರಬೇಕು ಅಂತ ಅಮೆರಿಕದ ಪಶುವೈದ್ಯರು 2021ರಲ್ಲಿ ಬರೆದರು. ಅದು ಹುಣಸೆಯಲ್ಲೂ ಇದೆ, ಪುಳಿಯೋಗರೆಯನ್ನೂ ಹಾಕಬೇಡಿ. ಗೋಡಂಬಿ ಒಂದೆರಡು ಪರವಾಗಿಲ್ಲ.

ದೊಡ್ಡಪ್ಪ: ನಮ್ಮ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತು ಬಂತು ಅಂತ ಊರೆಲ್ಲ ಹೆಮ್ಮೆ ಪಟ್ಟಿತ್ತು. ನೀನು ವಿಷ ಅಂತೀಯ.

ಮಗಳು: ನಿಮಗಲ್ಲ, ಅದಕ್ಕೆ.

ದೊಡ್ಡಪ್ಪ: ಸರಿ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೊಬೇಡ. ನಾವೂ ನಾಯಿ ಸಾಕಿದವರೇ. ನಮ್ಮಪ್ಪನ ಕಾಲದಲ್ಲಿ ಕೊಂಬೈ ನಾಯಿ ಕಾಡುಹಂದಿಯನ್ನು ಅಟ್ಟಿ ಹಿಡೀತಿತ್ತು. 1972ರ ಕಾಯ್ದೆ ಬಂದಮೇಲೆ ಬೇಟೆ ನಿಂತು ತೋಟದ ಕಾವಲಿಗೆ ಉಳಿಯಿತು. ಒಂದು ಸತ್ತರೆ ತೆಂಗಿನ ಬುಡದಲ್ಲಿ ಹೂಳ್ತಿದ್ದೆವು, ವಾರದೊಳಗೆ ಇನ್ನೊಂದು ಮರಿ ತರ್ತಿದ್ದೆವು. ತೋಟ ಕಾಯೋಕೆ ನಾಯಿ ಬೇಕೇ ಬೇಕಲ್ಲ. ಅಳೋಕೆ ಪುರುಸೊತ್ತು ಎಲ್ಲಿ? ನಿನ್ನ ನಾಯಿ ಏನು ಕೆಲಸ ಮಾಡ್ತಿತ್ತು ಹೇಳು.

ಮಗಳು: ನನ್ನನ್ನು ಏಳಿಸ್ತಿತ್ತು. ಬೆಳಿಗ್ಗೆ ಐದೂವರೆಗೆ ಮೂಗು ತಂದು ಕೈಗೆ ಒತ್ತೋದು. ಮಳೆ ಬರಲಿ, ಜ್ವರ ಇರಲಿ, ಎದ್ದು ಹೊರಗೆ ಹೋಗಲೇಬೇಕು. ಆ ನೆಪದಲ್ಲಿ ಹಾಲಿನವರು, ಹೂವಿನವರು, ಪಾರ್ಕಿನ ಅಜ್ಜಂದಿರು ಎಲ್ಲ ಪರಿಚಯವಾದರು. ಈಗ ಆ ಬೀದಿಗೇ ನಾನು ಹೋಗಲ್ಲ. ‘ನಾಯಿ ಎಲ್ಲಿ’ ಅಂತ ಕೇಳ್ತಾರಲ್ಲ. ನಾಯಿ ಒಂದು ಹೋದರೆ ಇಷ್ಟು ಜನರೂ ಹೋದರು ದೊಡ್ಡಪ್ಪ.

ದೊಡ್ಡಪ್ಪ: ದೀಪಾವಳಿಗೂ ನೀನು ಬರಲಿಲ್ಲ.

ಮಗಳು: ಪ್ರತಿ ವರ್ಷ ದೀಪಾವಳಿಗೆ ಬರದೇ ಇದ್ದದ್ದು ನಾಯಿಗೋಸ್ಕರವೇ. ಸುಪ್ರೀಂ ಕೋರ್ಟ್ 2018ರಲ್ಲಿ ಪಟಾಕಿಗೆ ಎರಡೇ ಗಂಟೆ ಅಂದಮೇಲೆ ತಮಿಳುನಾಡಿನಲ್ಲಿ ಬೆಳಿಗ್ಗೆ ಆರರಿಂದ ಏಳು, ಸಂಜೆ ಏಳರಿಂದ ಎಂಟು ಅಂತ ಮಾಡಿದರು. ಹೊತ್ತು ಮೀರಿ ಹೊಡೆಯೋರು ಹೊಡೀತಾನೇ ಇರ್ತಾರೆ, ಆದರೂ ನನಗೆ ಒಂದು ಲೆಕ್ಕ ಸಿಕ್ಕಿತ್ತು. ಐದಕ್ಕೇ ವಾಕಿಂಗ್ ಮುಗಿಸಿ, ಹೊಟ್ಟೆ ತುಂಬ ಹಾಕಿ, ಒಳಗಿನ ಕೋಣೆ ಕಿಟಕಿ ಮುಚ್ಚಿ, ಫ್ಯಾನು ಜೋರಾಗಿ ಬಿಟ್ಟು, ಮಂಚದ ಕೆಳಗೆ ನನ್ನ ಹಳೇ ಸೀರೆ ಹಾಸಿಡ್ತಿದ್ದೆ. ಅದು ಅಲ್ಲಿ ತೂರಿಕೊಂಡು ನಡುಗೋದು, ನಾನು ನೆಲದ ಮೇಲೆ ಮಲಗಿ ಒಂದು ಕೈ ಒಳಗೆ ಚಾಚಿರೋದು. ಈ ವರ್ಷ ನಾಯಿ ಇಲ್ಲ. ಸಂಜೆ ಏಳಕ್ಕೆ ಅಭ್ಯಾಸಬಲದಿಂದ ಎದ್ದು ಕಿಟಕಿ ಮುಚ್ಚಿದೆ. ಆಮೇಲೆ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ.

ದೊಡ್ಡಪ್ಪ ಸ್ವಲ್ಪ ಹೊತ್ತು ಏನೂ ಹೇಳದೆ ವೀಳ್ಯದೆಲೆಗೆ ಸುಣ್ಣ ಸವರಿದರು. ಹಬ್ಬದ ಹೊತ್ತಿನ ಬೇಸರ ಎಂದಾಗ ನಾವು ಅಳುವವರನ್ನೇ ನೆನೆಯುತ್ತೇವೆ. ಆದರೆ ಬಹಳ ಸಲ ಅದು ಬರೀ ಕೈಯಲ್ಲಿ ಕೆಲಸವಿಲ್ಲದೆ ನಿಂತ ಹೊತ್ತು. ವೃದ್ಧರನ್ನು ವರ್ಷಗಟ್ಟಲೆ ನೋಡಿಕೊಂಡವರಿಗೆ ಇದು ಚೆನ್ನಾಗಿ ಗೊತ್ತು. ನಾಯಿ ಸಾಕಿದವರಿಗೂ ಗೊತ್ತು ಎಂದು ಒಪ್ಪಲು ನಮಗೇಕೋ ಹಿಂಜರಿಕೆ.

ದೊಡ್ಡಪ್ಪ: ಈಗ ಏನಾಗಬೇಕು ಅಂತೀಯ? ನಾಯಿಗೂ ಸೂತಕ ಹಿಡಿಯಬೇಕಾ?

ಮಗಳು: ಹಿಡಿದರೆ ತಪ್ಪೇನು? ಇವತ್ತು ಬೆಳಿಗ್ಗೆ ಎಲ್ಲರೂ ಕಂಬಂ ನಂದಗೋಪಾಲನ ತೊಳುವಿಗೆ, ಅದೇ ದನದ ದೊಡ್ಡಿಗೆ, ಹೋಗಿ ತಂಬಿರಾನ್ ಮಾಡುಗಳಿಗೆ ಕೈ ಮುಗಿದು ಬಂದೆವು. ಅಷ್ಟು ಜನ ಕಬ್ಬು ಬಾಳೆಹಣ್ಣು ಹಿಡ್ಕೊಂಡು ಸಾಲಲ್ಲಿ ನಿಂತಿದ್ದರು. ಜಲ್ಲಿಕಟ್ಟು ಹೋರಿ ಸತ್ತರೆ ಮೇಳ ತರಿಸಿ, ಮಾಲೆ ಹಾಕಿ, ಮನುಷ್ಯರಿಗೆ ಮಾಡಿದಂಗೆ ಮಣ್ಣು ಮಾಡ್ತಾರೆ. ಆಗ ಯಾರೂ ‘ಅಷ್ಟೇನಾ’ ಅನ್ನಲ್ಲ.

ದೊಡ್ಡಪ್ಪ: ತಂಬಿರಾನ್ ಮಾಡು ಅಂದರೆ ದೇವರ ದನ. ನಮ್ಮ ಕುಲದವರು ಇಲ್ಲಿಗೆ ಬಂದಾಗಿನಿಂದ ಜೊತೆಗೆ ಬಂದದ್ದು. ಅದಕ್ಕೆ ಉಳುಮೆ ಇಲ್ಲ, ಗಾಡಿ ಇಲ್ಲ. ಅದನ್ನು ತಂದು ನಾಯಿ ಪಕ್ಕ ನಿಲ್ಲಿಸಬೇಡ. ಶಾಸ್ತ್ರ ಅಂತ ಒಂದಿದೆ.

ಮಗಳು: ಪೆನ್ನಿಕ್ವಿಕ್ ದೊರೆಗೆ ಪೊಂಗಲ್ ಇಡೋದು ಯಾವ ಶಾಸ್ತ್ರ? ಜನವರಿ 15 ಅವರು ಹುಟ್ಟಿದ ದಿನ ಅಂತ ಪಾಲಾರ್‌ಪಟ್ಟಿಯಲ್ಲಿ ಪೊಂಗಲ್ ಮಡಕೆ ಇಡ್ತಾರೆ, ಲೋಯರ್ ಕ್ಯಾಂಪಿನ ಮಣಿಮಂಟಪಕ್ಕೆ ಹೋಗಿ ಮಾಲೆ ಹಾಕ್ತಾರೆ. ಇಂಗ್ಲಿಷಿನವರು, ಕ್ರೈಸ್ತರು. 1895ರಲ್ಲಿ ಮುಲ್ಲೈಪೆರಿಯಾರ್ ಅಣೆಕಟ್ಟು ಕಟ್ಟಿದರು, ಕೇರಳದ ಕಡೆ ಹರೀತಿದ್ದ ನೀರನ್ನು ಇತ್ತ ತಿರುಗಿಸಿದರು, ಅದಕ್ಕೆ ತಾನೆ? ಉಪಕಾರ ನೆನೆಸ್ಕೊಂಡು ಜನರೇ ಹಬ್ಬ ಮಾಡ್ಕೊಂಡರು. ಶಾಸ್ತ್ರ ಆಮೇಲೆ ಬಂತು.

ದೊಡ್ಡಪ್ಪ: ಆ ದೊರೆ ಐದು ಜಿಲ್ಲೆಗೆ ನೀರು ಕೊಟ್ಟ. ನಿನ್ನ ನಾಯಿ ನಿನ್ನೊಬ್ಬಳಿಗೆ ಬೇಕಾಗಿತ್ತು. ಊರು ಯಾಕೆ ಅಳಬೇಕು?

ಮಗಳು: ಊರು ಅಳೋದು ಬೇಡ, ಅಳೋರನ್ನು ನೋಡಿ ನಗದಿದ್ದರೆ ಸಾಕು. ಹಿಂದಿನವರು ನಮಗಿಂತ ದೊಡ್ಡ ಮನಸ್ಸಿನವರು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲು ನೋಡಿದ್ದೇನೆ. ಮಂಡ್ಯ ಕಡೆಯದು, ಸುಮಾರು 950ನೇ ಇಸವಿಯದು. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗ ಗೆದ್ದ. ಏನು ಬೇಕು ಅಂತ ತನ್ನ ಕಡೆಯ ವೀರ ಮಣಲೇರನನ್ನು ಕೇಳಿದರೆ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಅನ್ನೋ ನಾಯಿ ಕೊಡಿ ಅಂದ. ಆ ಕಾಳಿ ದೊಡ್ಡ ಹಂದಿ ಜೊತೆ ಕಾದಾಡಿತು, ಎರಡೂ ಸತ್ತವು. ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಅಂತ ಭೂಮಿ ಬಿಟ್ಟರು. ಕಲ್ಲಿನ ಮೇಲೆ ಈಗಲೂ ನಾಯಿ ಹಂದಿಯನ್ನು ಕಚ್ಚಿ ಹಿಡಿದಿದೆ. ನಮ್ಮ ತಮಿಳುನಾಡಿನಲ್ಲೂ ಇದೆ. ತಿರುವಣ್ಣಾಮಲೈ ಕಡೆ ಎಡತ್ತನೂರಿನಲ್ಲಿ ಮಹೇಂದ್ರ ಪಲ್ಲವನ ಕಾಲದ ವೀರಗಲ್ಲು. ವೀರನ ಪಕ್ಕ ಅವನ ನಾಯಿ, ಅದರ ಹೆಸರೂ ಕೆತ್ತಿದ್ದಾರೆ, ಕೋವಿವನ್ ಅಂತ.

ದೊಡ್ಡಪ್ಪ: ಹಂದಿ ಜೊತೆ ಕಾದಾಡಿದ್ದಕ್ಕೆ ಕಲ್ಲು ಹಾಕಿಸಿದರು ತಾಯಿ. ನಿನ್ನದು ಸೋಫಾ ಮೇಲೆ ಮಲಗ್ತಿತ್ತು.

ಇಬ್ಬರೂ ನಕ್ಕರು. ಅವಳು ಬಂದಾಗಿನಿಂದ ನಕ್ಕದ್ದು ಅದೇ ಮೊದಲು ಎಂದು ಆಮೇಲೆ ಮನೆಯವರು ಹೇಳಿದರು. ನಾಯಿಯ ಬಗ್ಗೆ ಕುಚೋದ್ಯ ಮಾಡಿದ್ದೂ ಅವರೊಬ್ಬರೇ. ಉಳಿದವರು ಸಮಾಧಾನ ಹೇಳಿದ್ದರು ಅಥವಾ ಮಾತು ತೇಲಿಸಿದ್ದರು.

ಮಗಳು: ಸೋಫಾ ಮೇಲೆ ಮಲಗಿದ್ದೂ ಕೆಲಸವೇ. ನಾಯಿಯೂ ಸಾಕಿದವರೂ ಒಬ್ಬರನ್ನೊಬ್ಬರು ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಏರುತ್ತೆ ಅಂತ ಜಪಾನಿನವರು 2015ರಲ್ಲಿ ತೋರಿಸಿದ್ದಾರೆ. ತಾಯಿ ಮಗುವಿನ ನಡುವೆ ಏರೋದೂ ಅದೇ.

ದೊಡ್ಡಪ್ಪ: ಅದನ್ನೇ ನಾನು ಹೇಳೋದು. ಮಗುವಿಗೆ ಸಿಗಬೇಕಾದ್ದು ನಾಯಿಗೆ ಹೋಗ್ತಿದೆ.

ಮಗಳು: ನೋಡಿದಿರಾ, ಅತ್ತೆ ಪ್ರಶ್ನೆಗೇ ಬಂದಿರಿ. ಪ್ರೀತಿ ಏನು ಅಣೆಕಟ್ಟಿನ ನೀರೇ, ಇತ್ತ ತಿರುಗಿಸಿದರೆ ಅತ್ತ ಒಣಗೋಕೆ? ನೇಪಾಳದಲ್ಲಿ ದೀಪಾವಳಿಗೆ ಒಂದು ದಿನ ನಾಯಿಗೇ ಮೀಸಲು. ಕುಕುರ್ ತಿಹಾರ್ ಅಂತಾರೆ. ಹಣೆಗೆ ತಿಲಕ ಇಟ್ಟು, ಚೆಂಡುಹೂವಿನ ಮಾಲೆ ಹಾಕ್ತಾರೆ.

ದೊಡ್ಡಪ್ಪ: ಒಂದು ದಿನ ಮಾಲೆ, ಉಳಿದ ದಿನ ಕಲ್ಲು. ಇಲ್ಲೂ ಅಷ್ಟೆ. ಭೈರವನ ಸನ್ನಿಧಿಯಲ್ಲಿ ಬೂದುಗುಂಬಳದ ದೀಪ ಹಚ್ಚಿ, ಪಕ್ಕದಲ್ಲಿರೋ ನಾಯಿ ವಾಹನಕ್ಕೂ ಕೈ ಮುಗೀತಾರೆ. ಹೊರಗೆ ಬಂದು ಚಪ್ಪಲಿ ಹತ್ತಿರ ಮಲಗಿರೋ ನಾಯಿಗೆ ಅದೇ ಚಪ್ಪಲಿ ಬೀಸ್ತಾರೆ. ನನಗೆ ಅಂಥ ಪೂಜೆಯ ಮೇಲೆ ನಂಬಿಕೆ ಇಲ್ಲ, ಅನ್ನದ ಮೇಲೆ ಇದೆ. ಈ ನಾಯಿಗೆ ಎರಡು ಹೊತ್ತು ಅನ್ನ ತಪ್ಪಿಸಿಲ್ಲ.

ಮಗಳು: ಹಗಲೆಲ್ಲ ಸರಪಳಿ ಬಿಗಿದಿದ್ದೀರಲ್ಲ.

ದೊಡ್ಡಪ್ಪ: ಬಿಟ್ಟರೆ ಪೋಸ್ಟಿನವನನ್ನು ಹಿಡಿಯುತ್ತೆ. ಕೊಂಬೈ ಇದು, ನಿನ್ನ ಸೋಫಾ ನಾಯಿ ಅಲ್ಲ. ಅದು ಬಿಡು. ನಿನಗೆ ನಿದ್ದೆ ಬರ್ತಿದೆಯಾ?

ಮಗಳು: ಮೂರು ಗಂಟೆಗೆ ಎಚ್ಚರ ಆಗುತ್ತೆ, ಆಮೇಲೆ ಇಲ್ಲ.

ದೊಡ್ಡಪ್ಪ: ಯಾವಾಗಿನಿಂದ?

ಮಗಳು: ದೀಪಾವಳಿಯಿಂದ.

ದೊಡ್ಡಪ್ಪ: ಊಟ?

ಮಗಳು: ಮಾಡ್ತೀನಿ. ಇಲ್ಲ, ಒಂದೊಂದು ದಿನ ಬಿಡ್ತೀನಿ. ಒಬ್ಬಳಿಗೆ ಅಂತ ಅಡುಗೆ ಮಾಡೋಕೆ ಮನಸ್ಸು ಬರಲ್ಲ. ಮೊದಲು ಅದಕ್ಕೆ ಅನ್ನ ಬೇಯಿಸೋಕೆ ಒಲೆ ಹಚ್ಚಲೇಬೇಕಿತ್ತು.

ದೊಡ್ಡಪ್ಪ: ಹಾಗಾದರೆ ಇದು ನಾಯಿ ವಿಷಯ ಮುಗಿದು ನಿನ್ನ ವಿಷಯ ಆಗಿದೆ. ಡಾಕ್ಟರಿಗೆ ತೋರಿಸು.

ಮಗಳು: ಇಷ್ಟು ಹೊತ್ತು ‘ನಾಯಿಗೇನು ಅಳೋದು’ ಅಂದವರು ಈಗ ಆಸ್ಪತ್ರೆಗೆ ಕಳಿಸ್ತೀರಾ? ದುಃಖಕ್ಕೂ ಮಾತ್ರೆ ನುಂಗಬೇಕಾ? ನನಗೆ ರೋಗ ಇಲ್ಲ ದೊಡ್ಡಪ್ಪ. ನನ್ನ ನಾಯಿ ಸತ್ತಿದೆ, ಅಷ್ಟೆ.

ದೊಡ್ಡಪ್ಪ: ‘ಅಷ್ಟೆ’ ಅಂತ ಈಗ ನೀನೇ ಅಂದೆ. ಮಾತ್ರೆ ನುಂಗು ಅಂತ ನಾನು ಹೇಳಲಿಲ್ಲ, ತೋರಿಸು ಅಂದೆ. ಬಳ್ಳಿಗೆ ಬೂದಿರೋಗ ಬಂದಿದೆಯೋ, ಬರೀ ನೀರು ಕಮ್ಮಿಯಾಗಿದೆಯೋ, ದೂರದಿಂದ ನೋಡಿದರೆ ನನಗೂ ಗೊತ್ತಾಗಲ್ಲ. ಎಲೆ ಮಗುಚಿ ನೋಡಬೇಕು. ದೊಡ್ಡಮ್ಮ ಹೋದಮೇಲೆ ನಾನು ಯಾರಿಗೂ ಹೇಳಲಿಲ್ಲ. ಎಂಟು ತಿಂಗಳು ತೋಟದ ಕಡೆ ಹೋಗಲಿಲ್ಲ. ಆ ಬೆಳೆ ಪೂರ್ತಿ ಹೋಯಿತು.

ಇಲ್ಲಿ ನಾನು ಬಾಯಿ ಹಾಕಿದೆ. ಮನಸ್ಸು ಮಂಕಾಗಿ, ನಿದ್ದೆ ಊಟ ಎರಡೂ ಕೆಟ್ಟು ಎರಡು ವಾರ ಮೀರಿದರೆ ಒಮ್ಮೆ ತೋರಿಸಿಕೊಳ್ಳಿ ಎಂದೇ ವೈದ್ಯರು ಹೇಳುವುದು. ಕಾರಣ ನಾಯಿಯೋ ಮನುಷ್ಯರೋ ಎಂದು ಅವರು ತೂಕ ಹಾಕುವುದಿಲ್ಲ. ತೇನಿಯವರಿಗೆ ಕಾನಾವಿಲಕ್ಕಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ದಿಂಡಿಗಲ್ಲಿನಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಬಸ್ಸು ಹತ್ತುವ ಮನಸ್ಸಿಲ್ಲದವರಿಗೆ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಇದೆ. ಸಂಖ್ಯೆ 14416, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣವಿಲ್ಲ, ತಮಿಳಿನಲ್ಲೂ ಕನ್ನಡದಲ್ಲೂ ಮಾತಾಡಬಹುದು.

ಮಗಳು: ಫೋನ್ ಮಾಡಿ ಏನು ಹೇಳಲಿ? ‘ಪೊಂಗಲ್ ದಿನ ನಾಯಿ ನೆನಪಾಯಿತು’ ಅಂತಲಾ?

ದೊಡ್ಡಪ್ಪ: ಹಾಗೇ ಹೇಳು. ನಕ್ಕರೆ ಇಟ್ಟುಬಿಡು, ನನಗೆ ಫೋನ್ ಮಾಡು.

ಮಗಳು: ನೀವೂ ನಕ್ಕಿರಲ್ಲ.

ದೊಡ್ಡಪ್ಪ: ನಾನು ಎದುರಿಗೆ ನಕ್ಕೆ. ಒಂದು ಹೇಳಲಾ? ಕೊಂಬೈಯಲ್ಲಿ ನಮ್ಮವರ ಮನೆಯಲ್ಲಿ ಹೆಣ್ಣುನಾಯಿ ಗಬ್ಬವಾಗಿದೆ. ಒಂದು ಮರಿ ಕೇಳಿಡ್ತೀನಿ. ಹುಟ್ಟಿ ಎರಡು ತಿಂಗಳಾದ ಮೇಲೆ ತಗೊಂಡು ಹೋಗು. ಪ್ರಧಾನಿಯವರೇ 2020ರಲ್ಲಿ ರೇಡಿಯೋದಲ್ಲಿ ಹೇಳಿದರಲ್ಲ, ಮುಧೋಳ, ನಮ್ಮ ರಾಜಪಾಳ್ಯಂ, ಕೊಂಬೈ, ದೇಶದ ನಾಯಿಗಳನ್ನೇ ಸಾಕಿ ಅಂತ.

ಮಗಳು: ಬೇಡ.

ದೊಡ್ಡಪ್ಪ: ಯಾಕೆ ಬೇಡ? ಐದೂವರೆಗೆ ಏಳಿಸುತ್ತೆ, ಒಲೆ ಹಚ್ಚಿಸುತ್ತೆ. ನಿನಗೆ ಬೇಕಾದ್ದು ಅದೇ ಅಂತ ನೀನೇ ಹೇಳಿದೆ.

ಮಗಳು: ಕೆಲಸ ಬೇಕು ಅಂದೆ, ಬದಲಿ ಬೇಕು ಅನ್ನಲಿಲ್ಲ. ಮೂರನೇ ಮಹಡಿ, ಎರಡು ಕೋಣೆ. ಓಡೋಕೆ ತೋಟ ಬೇಕಾದ ಜಾತಿಯನ್ನು ಅಲ್ಲಿಗೆ ಒಯ್ದು, ನಾನು ಆಫೀಸಿಗೆ ಹೋದಾಗ ಒಂಬತ್ತು ಗಂಟೆ ಒಳಗೆ ಕೂಡಿಹಾಕಲಾ? ನನ್ನ ಬೇಸರ ನೀಗಲಿ ಅಂತ ಅದಕ್ಕೆ ಸೆರೆಯಾ?

ದೊಡ್ಡಪ್ಪ: ಇಲ್ಲಿ ಬೆಳೆಯಲಿ ಹಾಗಾದರೆ. ಹೆಸರಿಗೆ ನಿನ್ನದು. ವಾರಕ್ಕೊಮ್ಮೆ ಬಂದು ನೋಡು. ದಿಂಡಿಗಲ್ಲಿನಿಂದ ವತ್ತಲಗುಂಡು, ಪೆರಿಯಕುಳಂ ಮೇಲೆ ಬಸ್ಸಿಗೇನು ಬರವಾ?

ಮಗಳು: ನನ್ನನ್ನು ವಾರಕ್ಕೊಮ್ಮೆ ಕರೆಸೋಕೆ ಉಪಾಯ ಇದು.

ದೊಡ್ಡಪ್ಪ: ಉಪಾಯವೇ. ತಪ್ಪೇನು?

ಮಗಳು: ಮರಿಗೆ ಸರಪಳಿ ಹಾಕಲ್ಲ ಅಂದರೆ ಯೋಚನೆ ಮಾಡ್ತೀನಿ.

ದೊಡ್ಡಪ್ಪ: ಅದಾಗಲ್ಲ.

ಮಗಳು: ಹಾಗಾದರೆ ಇದೂ ಆಗಲ್ಲ.

ಮಾತು ಅಲ್ಲಿಗೆ ನಿಂತಿತು. ಒಳಗಿನಿಂದ ಊಟಕ್ಕೆ ಕರೆದರು, ಇಬ್ಬರೂ ಎದ್ದರು. ಮರಿಯ ವಿಷಯದಲ್ಲಿ ನನ್ನ ಮತ ಅವಳಿಗೆ, ಡಾಕ್ಟರ ವಿಷಯದಲ್ಲಿ ದೊಡ್ಡಪ್ಪನವರಿಗೆ. ನಾಯಿಗೆ ಸೂತಕ ಉಂಟೋ ಇಲ್ಲವೋ ನನಗೂ ತಿಳಿಯದು. ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟೆ: ಸಾಕಿದ ಪ್ರಾಣಿಯನ್ನು ಕಳಕೊಂಡವರು ಹಬ್ಬಕ್ಕೆ ನಿಮ್ಮ ಮನೆಗೆ ಬಂದರೆ, ಅವರು ಬಾಯಿಬಿಟ್ಟು ಕೇಳದೆ ಇನ್ನೊಂದು ಮರಿಯನ್ನು ತಂದು ಮಡಿಲಿಗೆ ಹಾಕಬೇಡಿ. ಮತ್ತು ಮನೆಯ ನಾಯಿಗೆ ಸಕ್ಕರೆ ಪೊಂಗಲ್ ಇಡುವ ಮುನ್ನ ದ್ರಾಕ್ಷಿ ತೆಗೆಯಿರಿ.